ಬೀಜದ ಜಾಡಿಯ ಚಮಚ

ಸೊಲ್ಮೆ, ದಕ್ಷಿಣ ಜೊಲ್ಲಾ
೧೮ ನವೆಂಬರ್ ೧೯೮೯

ದಾಲ್ಲೆಯ ತಾಯಿಗೆ, ನಿನ್ನ ಅತ್ತೆ ಮಲ್‌ಸುನ್ ಬರೆಯುವುದು.

ಮೂಖೊ ಬಂದರಿನಲ್ಲಿ ಅಂಚೆಯವನು ಸತ್ತನೋ, ನಿನ್ನ ಕೈಬೆರಳು ಸತ್ತವೋ? ಆಗಸ್ಟಿನಲ್ಲಿ ಒಂದು ಕಾಗದ ಹಾಕಿದ್ದೆ. ಮೂರು ತಿಂಗಳಾಯಿತು. ನಾಲ್ಕೇ ವರ್ಷ ಶಾಲೆಗೆ ಹೋದವಳು ನಾನು, ಒಂದು ಪುಟ ಬರೆಯಲು ಒಂದು ಮಧ್ಯಾಹ್ನ ಬೇಕು. ನೀನು ಹತ್ತು ವರ್ಷ ಓದಿದವಳು. ನಿನಗೆ ಒಂದು ಸಾಲಿಗೂ ಪುರುಸೊತ್ತಿಲ್ಲ.

ನಿನ್ನೆ ಸೋಯಾ ಕಾಳು ಬೇಯಿಸಿದೆ. ಎರಡು ದೊಡ್ಡ ಕಡಾಯಿ. ಅರೆದು ಬಟ್ಟೆಯಲ್ಲಿ ಸುತ್ತಿ ನಾನೇ ತುಳಿದು ಇಟ್ಟಿಗೆ ಮಾಡಿದೆ. ದಾಲ್ಲೆ ಪುಟ್ಟ ಕಾಲಲ್ಲಿ ತುಳಿದರೆ ಇಟ್ಟಿಗೆಗಳು ನಾಲ್ಕೂ ಮೂಲೆ ಸರಿಯಾಗಿ ಬರುತ್ತಿದ್ದವು. ನಾನು ತುಳಿದವು ಮುದಿ ಎತ್ತು ಕೂತೆದ್ದ ಹಾಗಿವೆ. ಹನ್ನೆರಡು ಇಟ್ಟಿಗೆ. ಹುಲ್ಲಿನಲ್ಲಿ ಕಟ್ಟಿ ಒಳಕೋಣೆಯ ತೊಲೆಗೆ ತೂಗುಹಾಕಿದ್ದೇನೆ. ಮದುವೆಯಾಗಿ ಬಂದ ವರ್ಷ ನೀನು ಈ ವಾಸನೆಗೆ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದ್ದೆ. ಈ ವರ್ಷ ಹಾಗೇನೂ ವಾಸನೆ ಇಲ್ಲ. ಕಾಳೇ ಸರಿಯಿಲ್ಲ ಅಂತ ಕಾಣುತ್ತದೆ. ಈಗಿನವರು ಬೆಳೆಯುವ ಕಾಳು.

ಬರುವುದು ಕುದುರೆಯ ವರ್ಷ. ಮೊದಲ ತಿಂಗಳ ಹುಣ್ಣಿಮೆಯೂ ಕುದುರೆಯ ದಿನವೇ, ಫೆಬ್ರವರಿ ಹತ್ತು. ಇಟ್ಟಿಗೆಗಳನ್ನು ಉಪ್ಪುನೀರಲ್ಲಿ ನೆನೆಸಿ ಜಾಂಗ್ ಹಾಕಲು ಇದಕ್ಕಿಂತ ಒಳ್ಳೆಯ ದಿನ ನನ್ನ ಆಯುಸ್ಸಿನಲ್ಲಿ ಬಂದಿಲ್ಲ. ಜಾಡಿ ಎತ್ತಲು ಒಬ್ಬರು ಬೇಕು. ಬಾ. ಬೇರೆ ಯಾವ ಕಾರಣಕ್ಕೂ ಅಲ್ಲ, ನನಗೆ ಸೊಂಟ ನೋವು.

ಬೀಜದ ಜಾಡಿ ಕ್ಷೇಮ. ನನ್ನ ಅತ್ತೆಯ ಅತ್ತೆ ತವರಿನಿಂದ ತಲೆಯ ಮೇಲೆ ಹೊತ್ತು ತಂದ ಕಪ್ಪು ಉಪ್ಪುರಸ, ಜಾಂಗ್ ಅದು, ತೊಂಬತ್ತು ವರ್ಷದ್ದು. ಹೆಪ್ಪಿನ ಹಾಗೆ ಅದನ್ನೇ ಬೀಜವಾಗಿಟ್ಟು, ವರ್ಷಕ್ಕೊಮ್ಮೆ ಹೊಸ ರಸವನ್ನು ಅದಕ್ಕೆ ಬೆರೆಸುತ್ತಾ ಬಂದಿದ್ದೇವೆ, ಒಂದು ವರ್ಷವೂ ತಪ್ಪಿಲ್ಲ. ಮನೆಯ ಯಜಮಾನಿಯ ಚಮಚ ಬಿಟ್ಟು ಬೇರೆಯವರ ಚಮಚ ಅದಕ್ಕೆ ಬಿದ್ದಿಲ್ಲ. ನಿನಗೆ ಗೊತ್ತಿರುವುದೇ.

ಇನ್ನೊಂದು. ಗ್ಯುಸಿಕ್‌ನ ಕೆಂಪು ಕುಸ್ತಿಪಟ್ಟಿ ಪೆಟ್ಟಿಗೆಯಲ್ಲಿಲ್ಲ. ನಾನೇ ನೂತು, ನಾನೇ ನೇಯ್ದು, ಮೂರು ಸಲ ಬಣ್ಣದಲ್ಲಿ ಅದ್ದಿದ್ದು. ಅದನ್ನು ಸೊಂಟಕ್ಕೆ ಸುತ್ತಿಕೊಂಡೇ ನನ್ನ ಮಗ ಹೋರಿ ಗೆದ್ದು ತಂದಿದ್ದ. ನೀನು ಒಯ್ದಿದ್ದರೆ ಒಯ್ದೆ ಅಂತ ಹೇಳು.

ಮಲ್‌ಸುನ್


ಮೂಖೊ
೯ ಡಿಸೆಂಬರ್ ೧೯೮೯

ಅತ್ತೆಯವರಿಗೆ,

ನಿಮ್ಮ ಕಾಗದ ತಲುಪಿತು. ಇದು ಸ್ಕ್ವಿಡ್ ಮೀನಿನ ಕಾಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಮೀನು ಸೀಳಿ, ತೊಳೆದು, ಗಳಕ್ಕೆ ನೇತುಹಾಕುವ ಕೆಲಸ. ದಿನಕ್ಕೆ ಎಂಟುನೂರು ಮೀನು. ಕೈಗೆ ಚಳಿ ಗೊತ್ತಾಗುವುದಿಲ್ಲ, ಚಾಕು ತಾಗಿದರೂ ರಕ್ತ ನೋಡಿದ ಮೇಲೇ ಗೊತ್ತಾಗುತ್ತದೆ. ಅದು ಒಂದು ರೀತಿ ಅನುಕೂಲವೇ.

ಫೆಬ್ರವರಿಯಲ್ಲಿ ರಜೆ ಸಿಗುವುದಿಲ್ಲ. ಸಿಕ್ಕರೂ, ನಮ್ಮ ಮನೆಯ ಜಾಂಗ್‌ಗೆ ನನ್ನ ಕೈ ತಾಗದಿರುವುದೇ ಒಳ್ಳೆಯದು. ಹಾಗೆ ಹೇಳಿದವರು ನೀವು. ಮರೆತಿರಲಿಕ್ಕಿಲ್ಲ.

ದಾಲ್ಲೆ ಶಾಲೆಯಲ್ಲಿ ಟೇಬಲ್ ಟೆನಿಸ್ ತಂಡಕ್ಕೆ ಸೇರಿದ್ದಾಳೆ. ಗೆದ್ದರೂ ನಗುವುದಿಲ್ಲ, ಸೋತರೂ ಅಳುವುದಿಲ್ಲ. ಮೇಷ್ಟ್ರು ಅದನ್ನೇ ಹೊಗಳುತ್ತಾರೆ.

ಕುಸ್ತಿಪಟ್ಟಿ ನನ್ನ ಬಳಿ ಇಲ್ಲ.

ಎರಡು ಕಟ್ಟು ಒಣ ಸ್ಕ್ವಿಡ್ ಕಳಿಸಿದ್ದೇನೆ. ಹಲ್ಲಿಗೆ ಗಟ್ಟಿಯಾದರೆ ಕೆಂಡದ ಮೇಲೆ ಸುಟ್ಟು ಜಜ್ಜಿಕೊಳ್ಳಿ.

ಜೊಂಗ್‌ನಿಮ್


ಸೊಲ್ಮೆ
೨೨ ಡಿಸೆಂಬರ್ ೧೯೮೯

ದಾಲ್ಲೆಯ ತಾಯಿಗೆ,

ಇವತ್ತು ವರ್ಷದ ಅತಿ ಸಣ್ಣ ಹಗಲು. ಕೆಂಪು ಅವರೆಯ ಗಂಜಿ ಮಾಡಿ ಬಾಗಿಲಿಗೆ, ಜಾಡಿ ಕಟ್ಟೆಗೆ ಚಿಮುಕಿಸಿದೆ. ಉಳಿದದ್ದನ್ನು ಪಕ್ಕದ ಮನೆಯ ಓಕ್‌ದಾನ್‌ಗೆ ಕೊಟ್ಟೆ. ಒಂದು ಚಮಚ ಬಾಯಿಗಿಟ್ಟಳು, ಕಣ್ಣು ಮೇಲೆ ಹೋಯಿತು.

"ಅಯ್ಯೋ ನಮ್ಮವ್ವ! ಗಂಜಿ ಕೊಟ್ಟೆಯೋ, ಸಮುದ್ರಾನೇ ಕುಡಿಸ್ತಿದ್ದೀಯೋ?"

"ನಿನ್ ನಾಲಿಗೆಗೆ ಬರ ಬಂದೈತೆ. ಸೊಸೆ ಉಪ್ಪು ಹಾಕೋದೇ ಬಿಟ್ಟವ್ಳಾ ಹೆಂಗೆ?"

"ನನ್ ಸೊಸೆ ಉಪ್ಪು ಸರಿಯಾಗೇ ಹಾಕ್ತಾಳೆ. ನಿನಗೇ ವಯಸ್ಸಾಯ್ತು ಕಣೇ ಮುದುಕಿ."

ಅವಳಿಗಿಂತ ನಾನು ಎರಡು ವರ್ಷಕ್ಕೆ ಚಿಕ್ಕವಳು. ಬಟ್ಟಲು ಕಿತ್ತುಕೊಂಡು ಕಳಿಸಿದೆ.

ನೀನು ಕಳಿಸಿದ ಸ್ಕ್ವಿಡ್ ಬಂತು. ಚಪ್ಪಲಿಯ ಚರ್ಮ ಜಗಿದ ಹಾಗಿದೆ. ಸಮುದ್ರದ ಮಗ್ಗುಲಲ್ಲೇ ಇದ್ದೀರಿ, ಒಂದು ಹಿಡಿ ಉಪ್ಪಿಗೆ ಗತಿಯಿಲ್ಲವೇ? ಮುದುಕಿಗೆ ಸಪ್ಪೆಯದ್ದು ಸಾಕು ಅಂತ ಆರಿಸಿ ಕಳಿಸಿದೆಯೇನೋ. ಇರಲಿ. ತಿನ್ನುತ್ತಿದ್ದೇನೆ.

ನಾನು ಹೇಳಿದ್ದನ್ನು ನೆನಪಿಸಿದ್ದೀಯ. ಹೇಳಿದ್ದೆ, ಇಲ್ಲ ಅನ್ನುವುದಿಲ್ಲ. ಎಂಬತ್ತೇಳರಲ್ಲಿ ನನ್ನ ಮುಂಗೈ ಉಳುಕಿತ್ತು, ಆ ವರ್ಷದ ಜಾಂಗ್‌ಗೆ ನೀರು, ಉಪ್ಪು ಬೆರೆಸಿದ್ದು ನಿನ್ನ ಕೈ. ಅದನ್ನೇ ಬೀಜದ ಜಾಡಿಗೂ ಸೇರಿಸಿದೆವು. ಶರತ್ಕಾಲದಲ್ಲಿ ಚಮಚ ಹಾಕಿ ನೋಡಿದೆ, ಕಹಿ. ತುಕ್ಕು ನೆಕ್ಕಿದ ಹಾಗೆ. ಹತ್ತೊಂಬತ್ತನೇ ದಿನಕ್ಕೆ ಗ್ಯುಸಿಕ್‌ನ ಎಲೆಕೋಸಿನ ಲಾರಿ ಕಣಿವೆಯ ತಿರುವಿನಲ್ಲಿ ಉರುಳಿತು. ಜಾಂಗ್ ಕೆಟ್ಟರೆ ಮನೆ ಕೆಡುತ್ತದೆ ಅನ್ನುವುದು ನಾನು ಕಟ್ಟಿದ ಮಾತಲ್ಲ, ನನ್ನ ಅಜ್ಜಿಯ ಅಜ್ಜಿಗೂ ಗೊತ್ತಿದ್ದ ಮಾತು. ಮಣ್ಣು ಮಾಡಿ ಬಂದ ದಿನ ಊರೆಲ್ಲ ನಿಂತಿರುವಾಗ ಜಾಡಿ ಕಟ್ಟೆಯ ಮುಂದೆ ಅದನ್ನೇ ಹೇಳಿದೆ. ನೀನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಗುತ್ತಿತ್ತು. ವಸಂತ ಬರುವ ಮೊದಲೇ ಮಗುವಿನ ಕೈ ಹಿಡಿದುಕೊಂಡು ನಿನ್ನ ಅಕ್ಕನ ಊರಿಗೆ ಹೊರಟೆ.

ಅದಕ್ಕೂ ಜಾಡಿ ಎತ್ತುವುದಕ್ಕೂ ಸಂಬಂಧವಿಲ್ಲ. ಹುಣ್ಣಿಮೆಗೆ ಬಾ.

ಮಲ್‌ಸುನ್


ಮೂಖೊ
೩೧ ಡಿಸೆಂಬರ್ ೧೯೮೯

ಅತ್ತೆಯವರಿಗೆ,

ಒಂದೇ ಒಂದು ಪ್ರಶ್ನೆ ಕೇಳಲು ಬರೆಯುತ್ತಿದ್ದೇನೆ.

ಆ ಸ್ಕ್ವಿಡ್ ಸಪ್ಪೆಯಲ್ಲ. ಸಮುದ್ರದ ನೀರಿನಲ್ಲೇ ತೊಳೆದು ಒಣಗಿಸಿದ್ದು. ಇಲ್ಲಿಯವರೇ ಅದನ್ನು ನೆನೆಸದೆ ತಿನ್ನುವುದಿಲ್ಲ. ನಾನು ಕಟ್ಟು ಕಟ್ಟುವಾಗ ಒಂದು ಕಾಲು ಕಿತ್ತು ಜಗಿದು ನೋಡಿಯೇ ಕಳಿಸಿದ್ದು.

ಗಂಜಿಯಲ್ಲಿ ಉಪ್ಪು ಹೆಚ್ಚು ಅಂದವರು ಓಕ್‌ದಾನ್ ಅತ್ತೆ. ಸ್ಕ್ವಿಡ್‌ನಲ್ಲಿ ಉಪ್ಪಿಲ್ಲ ಅಂದವರು ನೀವು. ದಯವಿಟ್ಟು ಪೇಟೆಯ ಆಸ್ಪತ್ರೆಗೆ ಹೋಗಿ ಬನ್ನಿ. ಯಾವಾಗಿನಿಂದ ಹೀಗಾಗಿದೆ?

ಜೊಂಗ್‌ನಿಮ್


ಸೊಲ್ಮೆ
೯ ಜನವರಿ ೧೯೯೦

ಜೊಂಗ್‌ನಿಮ್,

ಈ ಕಾಗದವನ್ನು ನಾನು ಕಳಿಸುವುದಿಲ್ಲ. ಅಕ್ಕಿ ಡಬ್ಬದ ತಳದಲ್ಲಿ ಇಡುತ್ತೇನೆ. ಅದಕ್ಕೇ ನಿನ್ನ ಹೆಸರು ಬರೆದಿದ್ದೇನೆ. ಹನ್ನೊಂದು ವರ್ಷದಲ್ಲಿ ನಿನ್ನನ್ನು ಹೆಸರು ಹಿಡಿದು ಕರೆದಿಲ್ಲ.

ಇವತ್ತು ಪೇಟೆಗೆ ಹೋಗಿದ್ದೆ. ಡಾಕ್ಟರು ಇನ್ನೂ ಮೀಸೆ ಬಲಿಯದ ಹುಡುಗ. ಹತ್ತಿ ಸುತ್ತಿದ ಕಡ್ಡಿಯಿಂದ ನಾಲಿಗೆಗೆ ಒಂದೊಂದೇ ನೀರು ಸವರಿ ಕೇಳಿದ.

"ಇದೇನ್ ಅಜ್ಜಿ, ಸಿಹಿನಾ?"

"ನೀರು."

"ಇದು?"

"ಇದೂ ನೀರು. ನೀರಿಗೆ ದುಡ್ಡು ಕಿತ್ಕೊಳ್ತೀಯೇನೋ?"

ಅವನು ನಗಲಿಲ್ಲ. ಉಪ್ಪು, ಸಕ್ಕರೆ, ಹುಳಿ, ಎಲ್ಲ ಮುಗಿಯಿತು. ಅಂಟುವಾಳದ ಹಾಗೆ ಕಹಿಯಾಗಿರಬೇಕಾದದ್ದು ಮಾತ್ರ ಒಂಚೂರು ಗೊತ್ತಾಯಿತು. ಆಮೇಲೆ ಕೇಳಿದ, "ಶುರುನಲ್ಲಿ ತಿಂದದ್ದೆಲ್ಲ ಕಹಿ ಅನ್ನಿಸ್ತಿತ್ತಾ? ಕಬ್ಬಿಣ ನೆಕ್ಕಿದಂಗೆ?"

ನಾನು ಚೀಲದಲ್ಲಿ ಬಸ್ಸಿನ ಚಿಲ್ಲರೆ ಹುಡುಕಿದೆ.

"ಕೆಲವರಿಗೆ ಮೊದ್ಲು ಹಂಗಾಗ್ತದೆ ಅಜ್ಜಿ, ಆಮೇಲೆ ಏನೂ ಗೊತ್ತಾಗಲ್ಲ. ಎರಡು ಮೂರು ವರ್ಷ ಆಗಿರ್ಬೇಕು. ವಾಪಸ್ ಬರೋದು ಕಷ್ಟ."

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಎಂಬತ್ತೇಳರ ಶರತ್ಕಾಲದಲ್ಲಿ ಜೇನಿನಂಥ ಗಾಮ್ ಹಣ್ಣೂ ಕಹಿಯಾಗಿತ್ತು. ಹಿತ್ತಿಲ ಮರದ್ದು, ಐವತ್ತು ವರ್ಷದಿಂದ ತಿಂದ ಹಣ್ಣು. ಮರಕ್ಕೆ ರೋಗ ಅಂದೆ. ಹೊಸ ಅಕ್ಕಿಯ ಅನ್ನವೂ ಕಹಿಯಾಗಿತ್ತು. ಗಿರಣಿಯವನು ಹಳೆ ಅಕ್ಕಿ ಬೆರೆಸಿದ ಅಂತ ಅವನ ಅಂಗಡಿಯ ಮುಂದೆ ಕೂಗಾಡಿ ಬಂದೆ. ಬಾರ್ಲಿ ನೀರು ಕಹಿಯಾದರೆ ಕೆಟಲು ತುಕ್ಕು ಹಿಡಿದಿದೆ ಅಂದೆ. ಜಾಂಗ್ ಕಹಿಯಾದರೆ ನಿನ್ನ ಕೈ ಅಂದೆ. ಹಣ್ಣು, ಅಕ್ಕಿ, ಕೆಟಲು, ನೀನು. ಎಲ್ಲವನ್ನೂ ಬೈದೆ. ಎಲ್ಲ ಸೇರಿ ಒಂದೇ ಬಾಯಿಗೆ ಬರುತ್ತಿವೆ ಅಂತ ಹೊಳೆಯಲಿಲ್ಲ.

ಇನ್ನೊಬ್ಬರ ಚಮಚ ಬಿದ್ದಿದ್ದರೆ ಗೊತ್ತಾಗುತ್ತಿತ್ತು. ಬೀಳಲು ಬಿಡಲಿಲ್ಲ. ಯಜಮಾನಿ ಒಬ್ಬಳೇ ರುಚಿ ನೋಡಬೇಕು ಅಂತ ನನ್ನ ಅತ್ತೆ ಚಮಚ ಕೊಟ್ಟು ಹೋದಳು. ಯಜಮಾನಿಯ ನಾಲಿಗೆ ಸತ್ತರೆ ಏನು ಮಾಡಬೇಕು ಅಂತ ಹೇಳಿ ಹೋಗಲಿಲ್ಲ.

ಬೀಜದ ಜಾಡಿ ಕ್ಷೇಮ ಅಂತ ಬರೆದಿದ್ದೆ. ಅದು ಖಾಲಿ. ಗ್ಯುಸಿಕ್‌ನನ್ನು ಮಣ್ಣು ಮಾಡಿದ ಮೂರನೇ ದಿನ ನಾನೇ ಚರಂಡಿಗೆ ಸುರಿದೆ, ನೀನು ನೋಡುತ್ತಾ ನಿಂತಿದ್ದೆ. ಆಮೇಲೆ ತೊಳೆದು ಮತ್ತೆ ಅದೇ ಜಾಗದಲ್ಲಿ ಇಟ್ಟೆ. ಎರಡು ವರ್ಷದಿಂದ ದಿನಾ ಒರೆಸುತ್ತೇನೆ, ಬಿಸಿಲಿದ್ದರೆ ಮುಚ್ಚಳ ತೆಗೆಯುತ್ತೇನೆ, ಮಳೆ ಬಂದರೆ ಓಡಿ ಹೋಗಿ ಮುಚ್ಚುತ್ತೇನೆ. ಊರಿನವರು ತುಂಬಿದೆ ಅಂದುಕೊಂಡಿದ್ದಾರೆ. ಕೆಲವು ದಿನ ನಾನೂ.

ತೊಂಬತ್ತು ವರ್ಷದ್ದು. ಮೂವರು ಹೆಂಗಸರು ಎರಡು ಯುದ್ಧ ದಾಟಿಸಿ ತಂದದ್ದು. ನನ್ನ ಅತ್ತೆ ಬಾಂಬು ಬೀಳುವಾಗ ಮಗುವನ್ನು ನನ್ನ ಬೆನ್ನಿಗೆ ಕಟ್ಟಿ, ಜಾಡಿಯನ್ನು ತಾನು ಕಟ್ಟಿಕೊಂಡಿದ್ದಳು. ಅದು ಕೆಟ್ಟಿರಲಿಲ್ಲ.

ಅಳು ಬಂದರೆ ಬರೆಯುವುದನ್ನು ನಿಲ್ಲಿಸಬೇಕು ಅಂದುಕೊಂಡಿದ್ದೆ. ಬರಲಿಲ್ಲ. ಅನ್ನ ಬೆಂದಿದೆ, ಹೋಗುತ್ತೇನೆ.


ಸೊಲ್ಮೆ
೧೫ ಜನವರಿ ೧೯೯೦

ದಾಲ್ಲೆಯ ತಾಯಿಗೆ,

ಆಸ್ಪತ್ರೆಗೆ ಹೋಗಿ ಬಂದೆ. ಹಲ್ಲು ಕುದುರೆಯ ಹಲ್ಲಿನ ಹಾಗಿವೆ ಅಂದ ಡಾಕ್ಟರು. ವಯಸ್ಸಾದ ಮೇಲೆ ನಾಲಿಗೆ ಸ್ವಲ್ಪ ದಪ್ಪಗಾಗುತ್ತದಂತೆ, ಅಷ್ಟೇ. ನೀನು ಅಲ್ಲಿ ಕೂತು ಇಲ್ಲಿಯ ನಾಲಿಗೆ ನೋಡುವುದು ಬೇಡ.

ಇಟ್ಟಿಗೆಗಳಿಗೆ ಬಿಳಿ ಬೂಷ್ಟು ಚೆನ್ನಾಗಿ ಹಿಡಿದಿದೆ. ಓಕ್‌ದಾನ್‌ನ ಮೊಮ್ಮಗಳು ಡೋಲು ಕಲಿಯುತ್ತಿದ್ದಾಳೆ, ಬೆಳಗಿನಿಂದ ಅದೇ ಒಂದು ಪೆಟ್ಟು, ತಪ್ಪು ಪೆಟ್ಟು. ಹೋಗಿ ಕೈ ಹಿಡಿದು ತೋರಿಸಿಕೊಟ್ಟೆ. ನನ್ನ ಕೈ ಇನ್ನೂ ಸರಿಯಾಗಿದೆ.

ಬೀಜದ ಜಾಡಿ ತುಂಬಿದೆ. ಚಿಂತೆ ಬೇಡ. ಬರುವುದಾದರೆ ಬಾ, ಇಲ್ಲದಿದ್ದರೆ ಬಿಡು.

ಮಲ್‌ಸುನ್


ಮೂಖೊ
೧ ಫೆಬ್ರವರಿ ೧೯೯೦

ಅತ್ತೆಯವರಿಗೆ,

ಬೀಜದ ಜಾಡಿ ತುಂಬಿಲ್ಲ. ನೀವು ಸುರಿದದ್ದನ್ನು ನಾನು ನೋಡಿದ್ದೇನೆ. ಚರಂಡಿಯ ಮಂಜು ಕಪ್ಪಗಾಗಿತ್ತು. ನಾನು ನೋಡಿದ್ದೇನೆ ಅಂತ ನಿಮಗೂ ಗೊತ್ತು. ಆದರೂ ಕ್ಷೇಮ ಅಂತ ಒಂದು ಸಲ, ತುಂಬಿದೆ ಅಂತ ಒಂದು ಸಲ ಬರೆದಿದ್ದೀರಿ. ಆಸ್ಪತ್ರೆಯಲ್ಲಿ ಏನು ಹೇಳಿದರು ಅನ್ನುವುದು ಅಲ್ಲಿಗೇ ನನಗೆ ಗೊತ್ತಾಯಿತು.

ಈ ಕಾಗದದ ಜೊತೆ ಒಂದು ಪೊಟ್ಟಣವಿದೆ. ಬಿಚ್ಚುವ ಮೊದಲು ಇದನ್ನು ಓದಿ.

ಅವತ್ತು ಸುರಿಯುವ ಮೊದಲು, ಜಾಡಿಗೆ ಕಟ್ಟಿ ಎಳೆಯಲು ನೀವು ಕೊಟ್ಟಿಗೆಗೆ ಹಗ್ಗ ತರಲು ಹೋದಾಗ ನಾನು ಖಾಲಿ ಸೋಜು ಸಾರಾಯಿ ಬಾಟಲಿಯನ್ನು ಅದರಲ್ಲಿ ಮುಳುಗಿಸಿ ತುಂಬಿಕೊಂಡೆ. ಒಂಬತ್ತು ವರ್ಷ ಆ ಜಾಡಿಯ ಮುಚ್ಚಳವನ್ನೂ ಮುಟ್ಟದವಳು ತೋಳಿನವರೆಗೂ ಕೈ ಹಾಕಿದೆ. ಕದ್ದೆ. ಬಾಟಲಿ ಸುತ್ತಲು ಏನಾದರೂ ಬೇಕಿತ್ತು, ಪೆಟ್ಟಿಗೆಯಲ್ಲಿ ಮೇಲೆಯೇ ಕುಸ್ತಿಪಟ್ಟಿ ಇತ್ತು. ಅದನ್ನೂ ಕದ್ದೆ. ಇಲ್ಲ ಅಂತ ಬರೆದದ್ದು ಸುಳ್ಳು.

ಯಾಕೆ ತೆಗೆದೆ ಅಂತ ನೀವು ಕೇಳುತ್ತೀರಿ. ದಾಲ್ಲೆಯ ಅಪ್ಪ ಕೊನೆಯ ಸಲ ಹೊರಟ ಬೆಳಿಗ್ಗೆ, ನಾನು ಬೆರೆಸಿದ ಆ ವರ್ಷದ ಜಾಂಗ್ ಹಾಕಿ ಮೂಲಂಗಿ ಸಾರು ಮಾಡಿದ್ದೆ. ನೀವು ಊರೊಟ್ಟಿನ ಕೆಲಸಕ್ಕೆ ಹೋಗಿದ್ದಿರಿ. "ಏನೇ ಇದು, ಇವತ್ತು ಅಮ್ಮ ಮಾಡಿದಂಗೇ ಐತಲ್ಲ. ಇನ್ನೊಂದು ಬಟ್ಟಲು ಹಾಕು" ಅಂದರು. ಎರಡನೇ ಬಟ್ಟಲು ನಿಂತುಕೊಂಡೇ ಕುಡಿದು ಲಾರಿ ಹತ್ತಿದರು.

ಆದರೂ ನಾನು ಅನುಮಾನಪಟ್ಟೆ. ನೀವು ಅಷ್ಟು ಗಟ್ಟಿಯಾಗಿ ಹೇಳಿದ್ದಿರಿ. ಮೂಖೊ ಬಸ್ಸಿನಲ್ಲಿ, ದಾಲ್ಲೆ ನಿದ್ದೆ ಮಾಡುತ್ತಿದ್ದಾಗ, ಬಾಟಲಿ ತೆಗೆದು ಬೆರಳದ್ದಿ ನೆಕ್ಕಿದೆ. ಮೊದಲು ಉಪ್ಪು. ಆಮೇಲೆ ಸಿಹಿ. ಆಮೇಲೆ ಬಹಳ ಹೊತ್ತು ಬಾಯಲ್ಲಿ ಉಳಿಯುವ ಇನ್ನೇನೋ. ಅದು ಕೆಟ್ಟಿರಲಿಲ್ಲ, ಅತ್ತೆ.

ಅಂದಿನಿಂದ ಗೊತ್ತಿತ್ತು. ಆದರೂ ಬರೆಯಲಿಲ್ಲ. ನೀವು ನಂಬುವುದಿಲ್ಲ ಅಂತ ಮೊದಲು ಅಂದುಕೊಂಡೆ. ಆದರೆ ನಿಜ ಅದಲ್ಲ. ನೀವು ಹಾಗೇ ಇರಲಿ ಅನ್ನಿಸಿತು. ಖಾಲಿ ಜಾಡಿಯ ಪಕ್ಕದಲ್ಲಿ ಇರಲಿ ಅನ್ನಿಸಿತು. ಎರಡು ವರ್ಷ ಬಾಟಲಿಯನ್ನು ನೋಡಿದಾಗಲೆಲ್ಲ ಕೋಪ ಬರುತ್ತದೆ ಅಂದುಕೊಂಡಿದ್ದೆ. ಏನೂ ಬರಲಿಲ್ಲ, ಮೀನು ಸೀಳುವ ಕೈಯ ಹಾಗೆ.

ಮುಕ್ಕಾಲು ಬಾಟಲಿ ಉಳಿದಿದೆ. ಬೀಜಕ್ಕೆ ಅಷ್ಟು ಸಾಕಲ್ಲವೇ?

ನಾನು ಬರುವುದಿಲ್ಲ.

ಜೊಂಗ್‌ನಿಮ್


ಸೊಲ್ಮೆ
೧೧ ಫೆಬ್ರವರಿ ೧೯೯೦

ಜೊಂಗ್‌ನಿಮ್‌ಗೆ,

ಪೊಟ್ಟಣ ಎಂಟನೇ ತಾರೀಕು ಬಂತು. ಪಟ್ಟಿಯ ಕೆಂಪು ಮಾಸಿಲ್ಲ. ನಾನು ಹಾಕಿದ ಬಣ್ಣ, ಮಾಸುವುದಿಲ್ಲ.

ಬಾಟಲಿಯಿಂದ ಒಂದು ಹನಿ ನಾಲಿಗೆಗೆ ಹಾಕಿಕೊಂಡೆ. ನೀರು. ಇನ್ನೊಂದು ಹನಿ ಹಾಕಿಕೊಳ್ಳಬೇಕು ಅನ್ನಿಸಿತು, ದಂಡ ಅಂತ ಬಿಟ್ಟೆ. ಓಕ್‌ದಾನ್‌ಳನ್ನು ಕರೆದು ಅವಳ ನಾಲಿಗೆಗೆ ಒಂದು ಹನಿ ಹಾಕಿದೆ. ಅವಳ ವಟವಟ ನಿಂತಿತು. ಆ ಹೆಂಗಸು ವಟವಟ ನಿಲ್ಲಿಸಿದ್ದನ್ನು ನಾನು ಐವತ್ತು ವರ್ಷದಲ್ಲಿ ನೋಡಿಲ್ಲ. ಆಮೇಲೆ ಅಂದಳು, "ಇದು ನಿನ್ನ ಅತ್ತೆ ಮನೇಲಿ ನಾ ಮದುವಣಗಿತ್ತಿಯಾಗಿ ಉಂಡಿದ್ದ ಜಾಂಗ್ ಕಣೇ."

ನಿನ್ನೆ ಹುಣ್ಣಿಮೆ. ಬೆಳಿಗ್ಗೆಯೇ ಜಾಂಗ್ ಹಾಕಿದೆ. ಉಪ್ಪುನೀರಿಗೆ ಮೊಟ್ಟೆ ಬಿಟ್ಟೆ, ತೇಲಿ ನಾಣ್ಯದಷ್ಟು ತಲೆ ತೋರಿಸಿತು, ಉಪ್ಪು ಸರಿಯಿದೆ. ಅದನ್ನೇ ನಂಬಿದೆ, ಬೇರೆ ಯಾವುದನ್ನೂ ನಂಬುವ ಹಾಗಿಲ್ಲ. ಹನ್ನೆರಡು ಇಟ್ಟಿಗೆ, ಮೂರು ಮೆಣಸಿನಕಾಯಿ, ಎರಡು ಇದ್ದಿಲು. ನಿನ್ನ ಮುಕ್ಕಾಲು ಬಾಟಲಿ ಬೀಜದ ಜಾಡಿಗೆ. ತಳ ಮುಚ್ಚಲಿಲ್ಲ. ಆದರೆ ಖಾಲಿ ಅಲ್ಲ.

ಕೇಡು ತಾಗದಿರಲಿ ಅಂತ ಜಾಡಿಗೆ ಅಂಟಿಸುವ ಕಾಗದದ ಕಾಲುಚೀಲವನ್ನು ಪ್ರತಿ ವರ್ಷ ಗ್ಯುಸಿಕ್‌ನ ಅಳತೆಯಲ್ಲೇ ಕತ್ತರಿಸುತ್ತಿದ್ದೆ. ಹೋದ ವರ್ಷವೂ. ಈ ವರ್ಷ ದಾಲ್ಲೆಯ ಹಳೆ ಅಳತೆ ತೆಗೆದೆ. ಬೆರಳು ಮೇಲಾಗಿ, ತಲೆಕೆಳಗೇ ಅಂಟಿಸಿದ್ದೇನೆ, ತಪ್ಪಿಲ್ಲ. ಆದರೆ ಆ ಅಳತೆ ಆರು ವರ್ಷದ ಕಾಲಿನದು, ತುಂಬಾ ಚಿಕ್ಕದು ಕಾಣುತ್ತದೆ. ಕಾಲು ಬೆಳೆದಿರಬೇಕು. ಒಂದು ಕಾಗದದ ಮೇಲೆ ಅವಳನ್ನು ನಿಲ್ಲಿಸಿ ಗೆರೆ ಎಳೆದು ಕಳಿಸು.

ಮಧ್ಯಾಹ್ನ ಊರಿನ ಡೋಲಿನವರು ಬಂದರು. ಹುಣ್ಣಿಮೆಗೆ ಮನೆಮನೆಯ ಅಂಗಳ, ಬಾವಿ, ಜಾಡಿ ಕಟ್ಟೆ ತುಳಿದು ಹರಸುತ್ತಾರಲ್ಲ, ಅವರು. ಹಿಂದೆ ಊರಿನವರೆಲ್ಲ. ಕಟ್ಟೆಯ ಸುತ್ತ ಮೂರು ಸುತ್ತು ಬಂದರು. ನಾಲ್ಕನೆಯದಕ್ಕೆ ನಾನು ಮುಂದೆ ಜಾಗಟೆ ಬಾರಿಸುವವನ ಕೈ ಹಿಡಿದೆ.

"ನಿಲ್ಸೋ."

"ಯಾಕಜ್ಜಿ, ತಾಳ ತಪ್ತಾ?"

"ತಪ್ಪಿದ್ದು ನಂದು. ಎರಡು ವರ್ಷದ ಹಿಂದೆ ಇಲ್ಲೇ ನಿಂತ್ಕೊಂಡು ಒಂದು ಮಾತಾಡಿದ್ದೆ. ನೀವೆಲ್ಲ ಕೇಳಿಸ್ಕೊಂಡಿದ್ರಿ. ನನ್ ಸೊಸೆ ಕೈಯಿಂದ ಜಾಂಗ್ ಕೆಟ್ಟೋಯ್ತು ಅಂದಿದ್ದೆ. ಕೆಟ್ಟಿರ್ಲಿಲ್ಲ. ಕೆಟ್ಟಿದ್ದು ನನ್ ನಾಲಿಗೆ. ಡಾಕ್ಟ್ರು ನೋಡಿ ಹೇಳಿದ್ರು."

ಆಮೇಲೆ ಗಿರಣಿಯವನು, ನಾನು ಹಿಂದೆ ಬೈದಿದ್ದೆನಲ್ಲ, ಅವನೇ, ಹಿಂದಿನಿಂದ ಕೂಗಿದ. "ನಿನ್ ನಾಲಿಗೆ ಕೆಟ್ಟಿದ್ದು ಊರಿಗೆಲ್ಲ ಗೊತ್ತು ಅಜ್ಜಿ, ಅದಕ್ಕೆ ಡಾಕ್ಟ್ರು ಯಾಕೆ?" ಎಲ್ಲರೂ ನಕ್ಕರು. ನಾನೂ ನಗಬೇಕಿತ್ತು. ಬರಲಿಲ್ಲ. ಡೋಲು ಮತ್ತೆ ಶುರುವಾಯಿತು. ನಾಲ್ಕನೇ ಸುತ್ತು ಸರಿಯಾಗಿ ಮುಗಿಸಿ ಹೋದರು.

ನೀನು ಬರುವುದಿಲ್ಲ ಅಂತ ಬರೆದಿದ್ದೀಯ. ಓದಿದೆ. ನಾನು ನಿನ್ನ ಜಾಗದಲ್ಲಿದ್ದರೆ ಬಾಟಲಿಯನ್ನೂ ಕಳಿಸುತ್ತಿರಲಿಲ್ಲ.

ಇದರ ಜೊತೆ ಅಕ್ಕಿ ಡಬ್ಬದ ತಳದಲ್ಲಿದ್ದ ಕಾಗದ ಇಟ್ಟಿದ್ದೇನೆ. ಇನ್ನೊಂದು ಹಿತ್ತಾಳೆಯದು. ಬಟ್ಟೆ ಬಿಚ್ಚಿದರೆ ಗೊತ್ತಾಗುತ್ತದೆ. ಹಿಡಿಯ ಮೇಲೆ ನನ್ನ ಅತ್ತೆಯ ಹೆಬ್ಬೆರಳು ಸವೆಸಿದ ಗುಳಿ ಇದೆ, ಅದರೊಳಗೆ ನಾನು ಸವೆಸಿದ್ದು. ಮೂಖೊದಲ್ಲೇ ಇಟ್ಟುಕೋ, ಇಲ್ಲಿ ಮೊಳೆಗೆ ನೇತುಹಾಕಿ ಪ್ರಯೋಜನವಿಲ್ಲ.

ಏಪ್ರಿಲ್ ಹನ್ನೊಂದಕ್ಕೆ ಅರವತ್ತು ದಿನ. ಅವತ್ತು ರಸವನ್ನು ಇಟ್ಟಿಗೆಯಿಂದ ಬೇರೆ ಮಾಡಿ ಬೀಜಕ್ಕೆ ಸೇರಿಸಬೇಕು. ಸೇರಿಸುವ ಮೊದಲು ಯಾರಾದರೂ ರುಚಿ ನೋಡಿ ಹೇಳಬೇಕು, ಚೆನ್ನಾಗಿದೆಯೋ ಇಲ್ಲವೋ. ಆ ಚಮಚವಿಲ್ಲದೆ ನೋಡುವ ಹಾಗಿಲ್ಲ. ಅದು ಈಗ ನಿನ್ನ ಹತ್ತಿರ ಇದೆ.

ನನಗೆ ಗೊತ್ತಾಗುವುದಿಲ್ಲ.

ಮಲ್‌ಸುನ್